ಕಣ್ಣಿಗೆ ಮೂರಕ್ಷರ, ಚಾಕುವಿಗೆ ಹತ್ತು ತುಂಡು

ಬಸ್ ನಿಲ್ದಾಣದ ಎದುರು ಸಾಲಿನಲ್ಲಿ 'ರೇಡಿಯಂ ಕಟಿಂಗ್ ಮಾಡಿಕೊಡಲಾಗುವುದು' ಎಂಬ ಫಲಕ ಹೊತ್ತ ಪುಟ್ಟ ಅಂಗಡಿ ಕರ್ನಾಟಕದ ಪಟ್ಟಣಗಳಲ್ಲಿ ಹೊಸದೇನಲ್ಲ. ದ್ವಿಚಕ್ರ ವಾಹನದ ನಂಬರ್ ಪ್ಲೇಟು, ಆಟೋರಿಕ್ಷಾದ ಹಿಂಬದಿಯ ಬರಹ, ವೈದ್ಯರ ಗಾಜಿನ ಬಾಗಿಲಿನ ಮೇಲಿನ ಹೆಸರು ಎಲ್ಲವೂ ಅಲ್ಲಿ ತಯಾರಾಗುತ್ತವೆ. ಹೆಸರು ರೇಡಿಯಂ ಎಂದಿದ್ದರೂ ಆ ಧಾತುವಿಗೂ ಈ ಅಂಗಡಿಗೂ ಸಂಬಂಧವಿಲ್ಲ. ಅಲ್ಲಿರುವುದು ವಿನೈಲ್ ಎಂಬ ಬಣ್ಣದ ಪ್ಲಾಸ್ಟಿಕ್ ಹಾಳೆ. ಅದರ ಬೆನ್ನಿಗೆ ಅಂಟು, ಅಂಟಿನ ಬೆನ್ನಿಗೆ ನುಣುಪಾದ ಕಾಗದ. ಮೇಜಿನ ಮೇಲಿನ ಯಂತ್ರ ಈ ಹಾಳೆಯನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತಿದ್ದರೆ, ಪೆನ್ಸಿಲ್ ಮೊನೆಗಿಂತ ಚಿಕ್ಕದಾದ ಚಾಕುವೊಂದು ಅಡ್ಡಡ್ಡ ಓಡಾಡಿ ಅಕ್ಷರದ ಅಂಚನ್ನು ಕೊಯ್ಯುತ್ತದೆ. ಬೇಡದ ಭಾಗವನ್ನು ಚಿಮುಟದಿಂದ ಸುಲಿದು ತೆಗೆದರೆ ಅಕ್ಷರ ಉಳಿಯುತ್ತದೆ.

ಎಣ್ಣೆಬಣ್ಣ ಮತ್ತು ಕುಂಚ ಹಿಡಿದು ಫಲಕ ಬರೆಯುತ್ತಿದ್ದವರ ಕಸುಬನ್ನು ಬಹುಮಟ್ಟಿಗೆ ಆಕ್ರಮಿಸಿದ ಈ ಯಂತ್ರದ ಕಥೆ ಕುತೂಹಲಕರವಾಗಿದೆ. ಮೊದಮೊದಲು ಇದನ್ನು ನಡೆಸಲು ಪ್ರತ್ಯೇಕವಾದ, ದುಬಾರಿ ತಂತ್ರಾಂಶ ಬೇಕಾಗಿತ್ತು. ಈಗ ಮದುವೆಯ ಕರೆಯೋಲೆ, ಕರಪತ್ರಗಳನ್ನು ವಿನ್ಯಾಸ ಮಾಡುವ ಸಾಮಾನ್ಯ ತಂತ್ರಾಂಶದಿಂದಲೇ ಯಂತ್ರಕ್ಕೆ ನೇರವಾಗಿ ಆಜ್ಞೆ ಕೊಡಬಹುದು. ಖರ್ಚು ಉಳಿಯಿತು, ಕೆಲಸ ಸಲೀಸಾಯಿತು. ಆದರೆ ಪರದೆಯ ಮೇಲೆ ಅಂದವಾಗಿ ಕಾಣುವ ಕನ್ನಡ ಅಕ್ಷರ ಚಾಕುವಿನ ಬಾಯಿಗೆ ಸಿಕ್ಕೊಡನೆ ಚೂರುಚೂರಾಗುವುದೂ ಉಂಟು. ಹಾಗೇಕೆ ಆಗುತ್ತದೆ ಎಂದು ತಿಳಿಯಲು ಯಂತ್ರದ ವಂಶಾವಳಿಯನ್ನೇ ನೋಡಬೇಕು.

ಪೆನ್ನಿನ ಜಾಗಕ್ಕೆ ಚಾಕು

ವಿಯೆನ್ನಾದಲ್ಲಿ 1924ರಲ್ಲಿ ಜನಿಸಿ, ನಾಜಿಗಳ ಹಿಂಸೆಯಿಂದ ಪಾರಾಗಿ 1940ರಲ್ಲಿ ಅಮೆರಿಕ ಸೇರಿದ ಜೋಸೆಫ್ ಗರ್ಬರ್ ಈ ಕಥೆಯ ಮೊದಲ ಪಾತ್ರಗಳಲ್ಲೊಬ್ಬರು. ಸಿದ್ಧ ಉಡುಪಿನ ಬಟ್ಟೆಯನ್ನು ಗಣಕಯಂತ್ರದ ಮೂಲಕ ಕತ್ತರಿಸುವ ಯಂತ್ರವನ್ನು 1960ರ ದಶಕದ ಕೊನೆಯಲ್ಲಿ ರೂಪಿಸಿದವರು ಅವರು. ಅವರ ಸಂಸ್ಥೆಯೇ 1980ರ ದಶಕದ ಆರಂಭದಲ್ಲಿ ಫಲಕದ ಅಕ್ಷರ ಕತ್ತರಿಸುವ 'ಸೈನ್‌ಮೇಕರ್' ಯಂತ್ರಗಳನ್ನು ಮಾರುಕಟ್ಟೆಗೆ ತಂದಿತು. ಕೀಲಿಮಣೆ ಯಂತ್ರದಲ್ಲೇ ಇತ್ತು. ಅಕ್ಷರಗಳ ಆಕಾರಗಳೂ ಯಂತ್ರದೊಂದಿಗೇ ಬರುತ್ತಿದ್ದವು. ಹೆಸರನ್ನು ಒತ್ತಿದರೆ ಅಕ್ಷರ ಕತ್ತರಿಸಿ ಬರುತ್ತಿತ್ತು. ಆದರೆ ಯಂತ್ರಕ್ಕೆ ಗೊತ್ತಿಲ್ಲದ ಲಿಪಿಯನ್ನು ಅದರಿಂದ ಬರೆಸುವುದು ಸುಲಭದ ಮಾತಾಗಿರಲಿಲ್ಲ.

ಎರಡನೆಯ ಎಳೆ ಎಂಜಿನಿಯರುಗಳ ಕಚೇರಿಯಿಂದ ಬಂದದ್ದು. ಕಟ್ಟಡಗಳ, ಯಂತ್ರಭಾಗಗಳ ನಕ್ಷೆ ಬರೆಯಲು 'ಪ್ಲಾಟರ್' ಎಂಬ ಸಾಧನ ಬಳಕೆಯಲ್ಲಿತ್ತು. ಅದರ ಕೈಯಲ್ಲಿ ಚಾಕುವಿನ ಬದಲು ಪೆನ್ನು. ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆ ತನ್ನ ಪ್ಲಾಟರುಗಳಿಗಾಗಿ 1970ರ ದಶಕದಲ್ಲಿ ಎಚ್.ಪಿ.ಜಿ.ಎಲ್. ಎಂಬ ಸರಳ ಆಜ್ಞಾಭಾಷೆಯನ್ನು ರೂಪಿಸಿತು. 'ಪಿ.ಯು.' ಎಂದರೆ ಪೆನ್ನು ಎತ್ತು, 'ಪಿ.ಡಿ.' ಎಂದರೆ ಪೆನ್ನು ಇಳಿಸು. ಅವುಗಳ ಮುಂದೆ ಎಲ್ಲಿಗೆ ಹೋಗಬೇಕೆಂಬ ಎರಡು ಸಂಖ್ಯೆಗಳು. ಈ ಭಾಷೆಯ ಅಳತೆಯ ಮಾನ ಒಂದು ಮಿಲಿಮೀಟರಿನ ನಲವತ್ತನೆಯ ಒಂದು ಭಾಗ. 25 ಮಿಲಿಮೀಟರಿನ ಚೌಕ ಬರೆಯಬೇಕಾದರೆ ಸೊನ್ನೆಯ ಬಳಿ ಪೆನ್ನಿಳಿಸಿ ಬಲಕ್ಕೆ 1000 ಹೆಜ್ಜೆ, ಮೇಲಕ್ಕೆ 1000, ಎಡಕ್ಕೆ 1000, ಕೆಳಕ್ಕೆ 1000 ಎಂದು ಹೇಳಿದರಾಯಿತು.

ಪೆನ್ನನ್ನು ತೆಗೆದು ಆ ಜಾಗಕ್ಕೆ ಚಾಕು ಸಿಕ್ಕಿಸಿದರೆ ಇದೇ ಪ್ಲಾಟರು ವಿನೈಲ್ ಕತ್ತರಿಸುವ ಯಂತ್ರ. ರೋಲ್ಯಾಂಡ್ ಡಿ.ಜಿ., ಗ್ರಾಫ್ಟೆಕ್ ಮೊದಲಾದ ಜಪಾನಿನ ಸಂಸ್ಥೆಗಳು ಪ್ಲಾಟರು ತಯಾರಿಕೆಯ ಅನುಭವದಿಂದಲೇ ಈ ಕ್ಷೇತ್ರದಲ್ಲಿ ಬೇರೂರಿದವು. ಇಂದಿಗೂ ಅನೇಕ ಕಟಿಂಗ್ ಯಂತ್ರಗಳು ಎಚ್.ಪಿ.ಜಿ.ಎಲ್. ಅಥವಾ ಅದರ ದಾಯಾದಿ ಭಾಷೆಗಳನ್ನೇ ಬಲ್ಲವು. ಚಾಕುವನ್ನು ಇಳಿಸುವ ಆಜ್ಞೆಗೂ 'ಪೆನ್ನಿಳಿಸು' ಎಂಬ ಹಳೆಯ ಹೆಸರೇ ಉಳಿದುಕೊಂಡಿದೆ.

ಕಾರಿನಿಂದ ಬಂದ ವಕ್ರರೇಖೆ

ಮೂರನೆಯ ಎಳೆ ಫ್ರಾನ್ಸಿನ ಕಾರು ಕಾರ್ಖಾನೆಗಳದು. ಕಾರಿನ ಮೈಯ ಬಾಗು ಬಳುಕುಗಳನ್ನು ಯಂತ್ರಕ್ಕೆ ಅರ್ಥವಾಗುವ ಗಣಿತದಲ್ಲಿ ಹೇಳುವುದು ಹೇಗೆ? ಸಿಟ್ರೊಯೆನ್ ಸಂಸ್ಥೆಯ ಪಾಲ್ ದ ಕ್ಯಾಸ್ಟಲ್ಜೊ 1959ರಲ್ಲೇ ಉತ್ತರ ಕಂಡುಕೊಂಡರೂ ಸಂಸ್ಥೆ ಅದನ್ನು ಗುಟ್ಟಾಗಿಟ್ಟಿತು. 1960ರ ದಶಕದಲ್ಲಿ ರೆನೋ ಸಂಸ್ಥೆಯ ಪಿಯರ್ ಬೆಝಿಯೆ ಸ್ವತಂತ್ರವಾಗಿ ಅದೇ ದಾರಿಯಲ್ಲಿ ನಡೆದು ಪ್ರಕಟಿಸಿದ್ದರಿಂದ ಆ ವಕ್ರರೇಖೆಗೆ ಅವರ ಹೆಸರೇ ನಿಂತಿತು. ಎರಡು ತುದಿಗಳು ಮತ್ತು ರೇಖೆಯನ್ನು ಅತ್ತಿತ್ತ ಸೆಳೆಯುವ ಎರಡು ಬಿಂದುಗಳು, ಇಷ್ಟರಿಂದಲೇ ಯಾವುದೇ ನವಿರಾದ ಬಾಗನ್ನು ಹೇಳಬಹುದು.

1987ರಲ್ಲಿ ಬಂದ ಅಡೋಬಿಯವರ ಇಲಸ್ಟ್ರೇಟರ್, 1989ರಲ್ಲಿ ಕೆನಡಾದಿಂದ ಬಂದ ಕೋರೆಲ್ ಡ್ರಾ, 2003ರಿಂದ ಉಚಿತವಾಗಿ ದೊರೆಯುತ್ತಿರುವ ಇಂಕ್‌ಸ್ಕೇಪ್ ಎಲ್ಲವೂ ಈ ರೇಖೆಯ ಮೇಲೆಯೇ ನಿಂತಿವೆ. ಅಂದರೆ ಲೋಹವನ್ನು ಕಡೆಯುವ ಯಂತ್ರಕ್ಕಾಗಿ ಹುಟ್ಟಿದ ರೇಖೆ ಚಿತ್ರ ಬಿಡಿಸುವವರ ಕೈಗೆ ಬಂದು, ಅಲ್ಲಿಂದ ಮತ್ತೆ ಚಾಕುವಿನ ಬಳಿಗೆ ಮರಳಿದೆ. ವಿನ್ಯಾಸ ತಂತ್ರಾಂಶಕ್ಕೂ ಕಟಿಂಗ್ ಯಂತ್ರಕ್ಕೂ ನಂಟು ಕೂಡಿಬಂದುದು ಆಕಸ್ಮಿಕವಲ್ಲ.

ನೇರ ಸಂಪರ್ಕದ ಮೂರು ದಾರಿ

ಮೊದಲನೆಯದು, ಯಂತ್ರವನ್ನೇ ಮುದ್ರಕವೆಂದು ಗಣಕಕ್ಕೆ ಪರಿಚಯಿಸುವುದು. ತಯಾರಕರು ಕೊಡುವ ಡ್ರೈವರನ್ನು ಅಳವಡಿಸಿಕೊಂಡರೆ 'ಪ್ರಿಂಟ್' ಆಜ್ಞೆಯೇ 'ಕತ್ತರಿಸು' ಎಂದಾಗುತ್ತದೆ. ಆದರೆ ಇಂಥ ಅನೇಕ ಡ್ರೈವರುಗಳು ಕೂದಲೆಳೆಯಷ್ಟು ತೆಳುವಾದ 'ಹೇರ್‌ಲೈನ್' ಗೆರೆಯನ್ನಷ್ಟೇ ಕತ್ತರಿಸುವ ಗೆರೆ ಎಂದು ಗುರುತಿಸುತ್ತವೆ. ಬಣ್ಣ ತುಂಬಿದ ಅಕ್ಷರವನ್ನು ಹಾಗೆಯೇ ಕಳಿಸಿದರೆ ಯಂತ್ರ ಮಿಸುಕದೆ ಕುಳಿತೀತು. ಬಣ್ಣ ತೆಗೆದು, ಅಂಚಿಗೆ ತೆಳುಗೆರೆ ಕೊಟ್ಟು, ಪುಟದ ಅಳತೆಯನ್ನು ಯಂತ್ರದಲ್ಲಿರುವ ಹಾಳೆಯ ಅಳತೆಗೆ ಹೊಂದಿಸಬೇಕು.

ಎರಡನೆಯದು, ವಿನ್ಯಾಸ ತಂತ್ರಾಂಶದೊಳಗೇ ಕೂರುವ ಪುಟ್ಟ ಉಪಾಂಗ. ಗ್ರಾಫ್ಟೆಕ್‌ನ 'ಕಟಿಂಗ್ ಮಾಸ್ಟರ್' ಈ ಬಗೆಯದು. ಇಂಕ್‌ಸ್ಕೇಪ್‌ನಲ್ಲಂತೂ ಯಂತ್ರಕ್ಕೆ ನೇರವಾಗಿ ಆಜ್ಞೆ ಕಳಿಸುವ ಸೌಲಭ್ಯ ಒಳಗೇ ಇದೆ.

ಮೂರನೆಯದು ಹಳೆಯ, ಆದರೆ ಗಟ್ಟಿಯಾದ ದಾರಿ. ಚಿತ್ರವನ್ನು 'ಪಿ.ಎಲ್.ಟಿ.' ಕಡತವಾಗಿ ಉಳಿಸಿ, ಅದನ್ನು ಯಂತ್ರ ಜೋಡಿಸಿರುವ ಕಿಂಡಿಗೆ ಹಾಗೆಯೇ ಹರಿಯಬಿಡುವುದು. ಸೀರಿಯಲ್ ತಂತಿಯಲ್ಲಿ ಯಂತ್ರವೂ ಗಣಕವೂ ಒಂದೇ ವೇಗಕ್ಕೆ ಒಪ್ಪಿಕೊಂಡಿರಬೇಕು. 9600 ಎಂಬುದು ರೂಢಿಯ ವೇಗ. ಗಣಕ ಕಳಿಸುವಷ್ಟು ಬೇಗ ಚಾಕು ಓಡಲಾರದು. ಯಂತ್ರದ ಪುಟ್ಟ ಸ್ಮೃತಿಕೋಶ ತುಂಬಿದಾಗ 'ಸ್ವಲ್ಪ ತಡೆ' ಎಂಬ ಸಂಕೇತ ಗಣಕಕ್ಕೆ ಮುಟ್ಟದಿದ್ದರೆ ನಡುವಿನ ಆಜ್ಞೆಗಳು ಸೋರಿಹೋಗುತ್ತವೆ. ಚೆನ್ನಾಗಿ ಸಾಗುತ್ತಿದ್ದ ಚಾಕು ಇದ್ದಕ್ಕಿದ್ದಂತೆ ಅಕ್ಷರದ ನಡುವೆ ಅಡ್ಡಗೆರೆ ಎಳೆದರೆ ಬಹಳ ಸಲ ಕಾರಣ ಇದೇ.

ಅಳತೆಯ ವಿಷಯದಲ್ಲೂ ಎಚ್ಚರ ಬೇಕು. ಮೇಲೆ ಹೇಳಿದ ಲೆಕ್ಕದಲ್ಲಿ ಇಂಚಿಗೆ 1016 ಹೆಜ್ಜೆಗಳು. ಯಂತ್ರವೇನಾದರೂ ಇಂಚಿಗೆ 1000 ಎಂದು ಎಣಿಸುವಂತೆ ಹೊಂದಿಕೆಯಾಗಿದ್ದರೆ 3 ಮೀಟರಿನ ಫಲಕ 48 ಮಿಲಿಮೀಟರು ಉದ್ದವಾಗಿಬಿಡುತ್ತದೆ. ಮೊದಲು 100 ಮಿಲಿಮೀಟರಿನ ಚೌಕವೊಂದನ್ನು ಕತ್ತರಿಸಿ ಅಳೆದು ನೋಡುವುದು ಜಾಣತನ.

ಚಾಕುವಿಗೆ ಬಣ್ಣ ಕಾಣದು

ಇಷ್ಟೆಲ್ಲ ಸರಿಯಾದ ಮೇಲೂ ತೊಡಕು ಉಳಿಯುತ್ತದೆ. ವಿನ್ಯಾಸ ತಂತ್ರಾಂಶ ಹುಟ್ಟಿದ್ದು ಕಣ್ಣಿಗಾಗಿ. ಒಂದರ ಮೇಲೊಂದು ಆಕಾರ ಬಿದ್ದಿದ್ದರೂ ಎರಡಕ್ಕೂ ಒಂದೇ ಬಣ್ಣವಿದ್ದರೆ ಕಣ್ಣು ಅವನ್ನು ಒಂದೆಂದೇ ನೋಡುತ್ತದೆ, ಮುದ್ರಕವೂ ಒಂದಾಗಿಯೇ ಅಚ್ಚು ಹಾಕುತ್ತದೆ. ಚಾಕುವಿಗೆ ಬಣ್ಣ ಕಾಣದು, ಅಂಚು ಮಾತ್ರ ಕಾಣುತ್ತದೆ. ಬಿಳಿಯ ಚೌಕದಿಂದ ಮುಚ್ಚಿದ ಹಳೆಯ ಗೆರೆಯನ್ನೂ ಅದು ಕೊಯ್ಯುತ್ತದೆ. ಗೆರೆಯ ದಪ್ಪ ಹೆಚ್ಚಿಸಿ ಅಕ್ಷರವನ್ನು ದಪ್ಪವಾಗಿಸಿದ್ದರೆ ಆ ದಪ್ಪವನ್ನು ಲೆಕ್ಕಿಸದೆ ಗೆರೆಯ ನಡುವೆಯೇ ಸಾಗುತ್ತದೆ. ಒಂದೇ ಆಕಾರ ಎರಡು ಸಲ ಕುಳಿತಿದ್ದರೆ ಎರಡು ಸಲ ಕೊಯ್ದು ಹಿಂಬದಿಯ ಕಾಗದವನ್ನೂ ಸೀಳುತ್ತದೆ.

ಕನ್ನಡಕ್ಕೆ ಈ ತೊಂದರೆ ವಿಶೇಷವಾಗಿ ತಟ್ಟುತ್ತದೆ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಬಗೆಯ, ಅಂದರೆ ಯುನಿಕೋಡ್ ಅಲ್ಲದ ಅಕ್ಷರವಿನ್ಯಾಸಗಳು ಫಲಕ ತಯಾರಿಸುವವರಲ್ಲಿ ಬಹಳ ಬಳಕೆಯಲ್ಲಿವೆ. ಇಂಗ್ಲಿಷಿನ ಸೀಮಿತ ಸ್ಥಾನಗಳಲ್ಲಿ ಕನ್ನಡದ ಅಸಂಖ್ಯ ಗುಣಿತಾಕ್ಷರ, ಒತ್ತಕ್ಷರಗಳನ್ನು ಹಿಡಿಸಲು ಅವು ಅಕ್ಷರವನ್ನು ಬಿಡಿಭಾಗಗಳಾಗಿ ಒಡೆದಿಟ್ಟುಕೊಂಡಿವೆ. 'ಕ' ಎಂದರೆ ಮೈ ಒಂದು ತುಂಡು, ತಲೆಕಟ್ಟು ಇನ್ನೊಂದು. 'ಮ' ಎಂಬುದು 'ವ'ಕಾರದ ಮೈ, ತಲೆಕಟ್ಟು ಮತ್ತು ಕೊಂಬು ಸೇರಿ ಮೂರು ತುಂಡು. 'ಮೈಸೂರು' ಎಂದು ಬೆರಳಚ್ಚಿಸಿದರೆ ಕಣ್ಣಿಗೆ ಮೂರೇ ಅಕ್ಷರ. ಒಳಗಿರುವುದು 'ಮೈ'ಗೆ ನಾಲ್ಕು, 'ಸೂ'ಗೆ ಮೂರು, 'ರು'ವಿಗೆ ಮೂರು, ಒಟ್ಟು ಹತ್ತು ತುಂಡು. ಬೆಸುಗೆ ಕಾಣದಿರಲೆಂದು ಈ ತುಂಡುಗಳು ಒಂದರ ಮೇಲೊಂದು ತುಸು ಏರಿ ಕುಳಿತಿರುತ್ತವೆ. ಚಾಕು ಆ ಕೀಲುಗಳನ್ನೆಲ್ಲ ನಿಷ್ಠೆಯಿಂದ ಕೊಯ್ಯುತ್ತದೆ. ಅಂಟಿಸುವ ಹೊತ್ತಿಗೆ ತಲೆಕಟ್ಟು ಕಳಚಿ ಬರುತ್ತದೆ; ಇಲ್ಲವೇ ಕೆಲ ತಿಂಗಳ ಬಿಸಿಲು ಮಳೆಗೆ ಕೊಂಬು ಉದುರಿ 'ಮ' ಹೋಗಿ 'ವ' ಉಳಿಯುತ್ತದೆ.

ಯುನಿಕೋಡ್ ಅಕ್ಷರವಿನ್ಯಾಸಗಳಲ್ಲಿ ಮೂಲಾಕ್ಷರಗಳು ಸಾಮಾನ್ಯವಾಗಿ ಇಡಿಯಾಗಿರುವುದರಿಂದ ತೊಂದರೆ ಕಡಿಮೆ. ಆದರೂ ಕೊಂಬು, ಒತ್ತುಗಳು ಮೈಯನ್ನು ತಾಕುವಲ್ಲಿ ಅದು ಪೂರಾ ತಪ್ಪಿದ್ದಲ್ಲ.

ಪರಿಹಾರ ಇದೆ. ಬರಹವನ್ನು ರೇಖೆಗಳಾಗಿ ಮಾರ್ಪಡಿಸಿ, ಏರಿ ಕುಳಿತ ತುಂಡುಗಳನ್ನು ಒಂದೇ ಅಂಚಾಗಿ ಬೆಸೆಯುವುದು. ಕೋರೆಲ್ ಡ್ರಾದಲ್ಲಿ ಇದರ ಹೆಸರು 'ವೆಲ್ಡ್', ಇಂಕ್‌ಸ್ಕೇಪ್‌ನಲ್ಲಿ 'ಯೂನಿಯನ್', ಇಲಸ್ಟ್ರೇಟರಿನಲ್ಲಿ 'ಯುನೈಟ್'. ಕೋರೆಲ್‌ನಲ್ಲಿ ಪಕ್ಕದಲ್ಲೇ ಇರುವ 'ಕಂಬೈನ್' ಎಂಬುದು ಬೇರೆ. ಅದು ತುಂಡುಗಳು ಕೂಡುವ ಜಾಗವನ್ನು ರಂಧ್ರವಾಗಿಸುತ್ತದೆ. ಕತ್ತರಿಸುವ ಮುನ್ನ ಬಣ್ಣವನ್ನೆಲ್ಲ ತೆಗೆದು ಬರೀ ಗೆರೆಗಳನ್ನು ನೋಡುವ ನೋಟವೊಂದು ಈ ಎಲ್ಲ ತಂತ್ರಾಂಶಗಳಲ್ಲೂ ಇದೆ. ಚಾಕುವಿನ ಕಣ್ಣು ಅದೇ. ಅಲ್ಲಿ ಕೀಲು ಕಂಡರೆ ವಿನೈಲಿನಲ್ಲೂ ಕೀಲು ಬೀಳುವುದು ಖಂಡಿತ.

ಇನ್ನೊಂದು ಮಾತು. ಬೆಸೆದ ಮೇಲೆ ಅದು ಬರಹವಲ್ಲ, ಬರೀ ಆಕಾರ. ಕಾಗುಣಿತ ತಿದ್ದಲು ಆಗದು. ಆದ್ದರಿಂದ ಬೆಸೆಯುವ ಮೊದಲೇ ಬಲ್ಲವರಿಂದ ಓದಿಸಿ, ಮೂಲದ ಪ್ರತಿಯೊಂದನ್ನು ಉಳಿಸಿಕೊಳ್ಳಬೇಕು. ಕರ್ನಾಟಕದಲ್ಲಿ ನಾಮಫಲಕದ ಶೇ. 60 ಭಾಗ ಕನ್ನಡದಲ್ಲಿರಬೇಕು, ಅದೂ ಮೇಲ್ಭಾಗದಲ್ಲಿರಬೇಕು ಎಂದು 2024ರ ಕಾನೂನು ತಿದ್ದುಪಡಿ ಹೇಳುತ್ತದೆ. ಅಳತೆಯನ್ನು ಕಾನೂನು ಕಾಯಬಹುದು. ಆ ಅಕ್ಷರ ಇಡಿಯಾಗಿ, ತಪ್ಪಿಲ್ಲದೆ ಬರುವುದು ಮಾತ್ರ ಇಂಥ ಅಂಗಡಿಗಳ ಎಚ್ಚರವನ್ನೇ ನಂಬಿಕೊಂಡಿದೆ.

ಎಳೆದಂತೆ ಬರುವ ಮೊನೆ

ಚಾಕುವಿನ ನಡಿಗೆಯನ್ನೂ ಅರಿತಿರಬೇಕು. ಸಾಮಾನ್ಯ ಯಂತ್ರಗಳಲ್ಲಿ ಚಾಕುವನ್ನು ಯಾರೂ ತಿರುಗಿಸುವುದಿಲ್ಲ. ಕುರ್ಚಿಯ ಕೆಳಗಿನ ಗಾಲಿಯಂತೆ ಅದು ಎಳೆದತ್ತ ತಾನೇ ಹೊರಳುತ್ತದೆ. ಅದಕ್ಕಾಗಿ ಮೊನೆಯನ್ನು ನಡುಗೂಟದಿಂದ ತುಸು ಹಿಂದಿಟ್ಟಿರುತ್ತಾರೆ. ಸಾಮಾನ್ಯವಾಗಿ ಕಾಲು ಮಿಲಿಮೀಟರಿನ ಆಸುಪಾಸು. ಈ ಅಂತರವನ್ನು ಯಂತ್ರಕ್ಕೆ ಸರಿಯಾಗಿ ತಿಳಿಸದಿದ್ದರೆ ಮೂಲೆಗಳು ಮೊಂಡಾಗುತ್ತವೆ, ಸೊನ್ನೆಯ ಆರಂಭವೂ ಅಂತ್ಯವೂ ಕೂಡದೆ ಉಳಿಯುತ್ತವೆ. ಒತ್ತಡವೂ ಹದವಾಗಿರಬೇಕು. ವಿನೈಲ್ ಕತ್ತರಿಸಬೇಕು, ಕಾಗದ ಉಳಿಯಬೇಕು. ಕತ್ತರಿಸಿದ ಚೂರನ್ನು ಸುಲಿದು ನೋಡಿದಾಗ ಕಾಗದದ ಮೇಲೆ ನವಿರಾದ ಗೀರು ಮಾತ್ರ ಕಂಡರೆ ಹದ ಸರಿ.

ಬೆಝಿಯೆ ರೇಖೆಯನ್ನು ಕಡತವಾಗಿಸುವಾಗ ತಂತ್ರಾಂಶ ಅದನ್ನು ಪುಟ್ಟ ಪುಟ್ಟ ನೇರ ಗೆರೆಗಳಾಗಿ ಒಡೆಯುತ್ತದೆ. ಗೆರೆಗಳು ಉದ್ದವಾಗಿದ್ದರೆ ದೊಡ್ಡ ಫಲಕದಲ್ಲಿ ಬಾಗುಗಳು ಮುಖಮುಖವಾಗಿ ಕಾಣುತ್ತವೆ. ಇಂಗ್ಲಿಷಿನ 'ಎಚ್', 'ಇ'ಗಳಿಗೆ ಇದು ತಟ್ಟದು. 'ಠ', 'ರ', ಸೊನ್ನೆಗಳಿಂದ ತುಂಬಿದ ಕನ್ನಡಕ್ಕೆ ತಟ್ಟುತ್ತದೆ. ವಕ್ರರೇಖೆಯ ಸೂಕ್ಷ್ಮತೆಯನ್ನು ಹೆಚ್ಚಿಸಿಕೊಳ್ಳುವುದೇ ಇದಕ್ಕೆ ಉಪಾಯ.

ತಾಳೆಗರಿಯ ಮೇಲೆ ಕಂಟದಿಂದ ಕೊರೆಯುವಾಗ ನೇರ ಗೆರೆ ಗರಿಯ ನಾರನ್ನು ಸೀಳುತ್ತದೆ, ದಕ್ಷಿಣದ ಲಿಪಿಗಳು ದುಂಡಗಾಗಲು ಅದೂ ಒಂದು ಕಾರಣ ಎಂಬ ವಿವರಣೆ ಬಳಕೆಯಲ್ಲಿದೆ. ವಿನೈಲಿನ ಮೇಲೆ ಎಳೆದಂತೆ ಬರುವ ಚಾಕುವಿಗೂ ಚೂಪು ಮೂಲೆಗಿಂತ ದುಂಡು ಬಾಗೇ ಹಿತ. ಆ ಲೆಕ್ಕದಲ್ಲಿ ಕನ್ನಡ ಅಕ್ಷರ ಈ ಯಂತ್ರಕ್ಕೆ ಹೇಳಿಮಾಡಿಸಿದಂತಿದೆ. ಕುಂಚ ಹಿಡಿದವನು ತಲೆಕಟ್ಟನ್ನೂ ಮೈಯನ್ನೂ ಬಣ್ಣದಲ್ಲೇ ಬೆಸೆದುಬಿಡುತ್ತಿದ್ದ. ಯಂತ್ರ ಆ ಕೆಲಸವನ್ನು ತಾನಾಗಿ ಮಾಡದು. ಮೌಸ್ ಹಿಡಿದವನು ನೆನಪಿಟ್ಟುಕೊಂಡು ಮಾಡಬೇಕು.