ಹೆಣೆದುಕೊಂಡ ಪರಮಾಣುಗಳೂ ಗಡಿಯಾರದ ನಿಖರತೆಯೂ

1967ರಿಂದ ಸೆಕೆಂಡಿನ ವ್ಯಾಖ್ಯೆಗೆ ಆಧಾರವಾಗಿರುವುದು ಸೀಸಿಯಂ ಪರಮಾಣು. ಅದಕ್ಕೆ ಹೊಂದುವ ಮೈಕ್ರೋವೇವ್ ಅಲೆ 9,19,26,31,770 ಬಾರಿ ಕಂಪಿಸಲು ಹಿಡಿಯುವ ಕಾಲವೇ ಒಂದು ಸೆಕೆಂಡು. ಆಪ್ಟಿಕಲ್ ಗಡಿಯಾರಗಳು ಮೈಕ್ರೋವೇವಿನ ಬದಲು ಬೆಳಕಿನ ಕಂಪನವನ್ನು ಆಧರಿಸುತ್ತವೆ. ಸ್ಟ್ರಾನ್ಷಿಯಂ ಗಡಿಯಾರದಲ್ಲಿ ಬಳಸುವ 698 ನ್ಯಾನೊಮೀಟರ್ ತರಂಗಾಂತರದ ಕೆಂಪು ಬೆಳಕು ಸೆಕೆಂಡಿಗೆ ಸುಮಾರು 429 ಲಕ್ಷ ಕೋಟಿ ಬಾರಿ ಕಂಪಿಸುವುದರಿಂದ ಕಾಲವನ್ನು ಅಷ್ಟು ಸಣ್ಣ ತುಣುಕುಗಳಲ್ಲಿ ಅಳೆಯಬಹುದು.

ಇಂಥ ಗಡಿಯಾರದಲ್ಲಿ ಲೇಸರಿನ ಕಂಪನವು ಪರಮಾಣುವಿನ ಸಹಜ ಕಂಪನಕ್ಕೆ ಸರಿಹೊಂದಿದೆಯೇ ಎಂದು ಮತ್ತೆ ಮತ್ತೆ ಪರೀಕ್ಷಿಸಿ, ವ್ಯತ್ಯಾಸವಿದ್ದರೆ ಲೇಸರನ್ನು ತಿದ್ದಲಾಗುತ್ತದೆ. ಪರೀಕ್ಷೆಯ ಕೊನೆಗೆ ಪ್ರತಿ ಪರಮಾಣುವೂ ಕೆಳಗಿನ ಶಕ್ತಿಮಟ್ಟದಲ್ಲೋ ಮೇಲಿನದರಲ್ಲೋ ಕಂಡುಬರುತ್ತದೆ. ಯಾವುದರಲ್ಲಿ ಎಂಬುದು ಆಕಸ್ಮಿಕವಾದ ಕಾರಣ ಅನೇಕ ಪರಮಾಣುಗಳ ಸರಾಸರಿ ತೆಗೆಯುವುದು ಅನಿವಾರ್ಯ. ಸರಾಸರಿಯ ದೋಷ ಪರಮಾಣುಗಳ ಸಂಖ್ಯೆಯ ವರ್ಗಮೂಲಕ್ಕೆ ತಕ್ಕಂತೆ ಮಾತ್ರ ಇಳಿಯುವುದರಿಂದ, ನಿಖರತೆ ಹತ್ತು ಪಟ್ಟು ಹೆಚ್ಚಬೇಕಾದರೆ ನೂರು ಪಟ್ಟು ಪರಮಾಣುಗಳು ಬೇಕು. ಪ್ರಮಾಣಕ ಕ್ವಾಂಟಮ್ ಮಿತಿ ಎನ್ನುವುದು ಇದನ್ನೇ.

ಈ ಮಿತಿಯನ್ನು ದಾಟಿಸಬಲ್ಲದ್ದು ಎಂಟ್ಯಾಂಗಲ್‌ಮೆಂಟ್, ಅಂದರೆ ಹಲವು ಪರಮಾಣುಗಳು ಬಿಡಿಬಿಡಿಯಾಗಿ ವರ್ಣಿಸಲಾಗದಂತೆ ಒಂದೇ ಸ್ಥಿತಿಯಲ್ಲಿ ಹೆಣೆದುಕೊಳ್ಳುವುದು. ಎಲ್ಲವೂ ಕೆಳಗೆ, ಎಲ್ಲವೂ ಮೇಲೆ ಎಂಬ ಎರಡು ಸಾಧ್ಯತೆಗಳನ್ನು ಏಕಕಾಲಕ್ಕೆ ಹೊತ್ತ ಎಂಟು ಪರಮಾಣುಗಳ ಗುಂಪು, ಲೇಸರಿನ ವ್ಯತ್ಯಾಸಕ್ಕೆ ಒಂಟಿ ಪರಮಾಣುವಿಗಿಂತ ಎಂಟು ಪಟ್ಟು ಬೇಗ ಸ್ಪಂದಿಸುತ್ತದೆ. ವಿದ್ಯುದಂಶವಿಲ್ಲದ ತಟಸ್ಥ ಪರಮಾಣುಗಳು ಪರಸ್ಪರರ ತಂಟೆಗೆ ಹೆಚ್ಚು ಹೋಗದಿರುವುದು ಗಡಿಯಾರಕ್ಕೆ ಅನುಕೂಲವೇ ಆದರೂ ಹೆಣಿಗೆಗೆ ಅಡ್ಡಿ. ಆದ್ದರಿಂದ ಮೊನಚಾದ ಲೇಸರ್ ಕಿರಣಗಳಿಂದ ಒಂದೊಂದಾಗಿ ಹಿಡಿದಿಟ್ಟ ಪರಮಾಣುಗಳ ಹೊರ ಎಲೆಕ್ಟ್ರಾನನ್ನು ಕ್ಷಣಕಾಲ ಬಹುದೂರದ ಕಕ್ಷೆಗೆ, ಅಂದರೆ ರಿಡ್‌ಬರ್ಗ್ ಸ್ಥಿತಿಗೆ ಏರಿಸಲಾಗುತ್ತದೆ. ಹಾಗೆ ಉಬ್ಬಿದ ಪರಮಾಣುವಿನ ಪ್ರಭಾವ ಕೆಲವು ಮೈಕ್ರೋಮೀಟರ್ ಆಚೆಯ ನೆರೆಯ ಪರಮಾಣುವಿಗೂ ತಟ್ಟುತ್ತದೆ. ಬೇಕೆಂದಾಗ ಹಚ್ಚಿ ಬೇಡವೆಂದಾಗ ಆರಿಸಬಹುದಾದ ಈ ಪ್ರಭಾವವೇ ಇಡೀ ವಿಧಾನದ ಜಾಣ್ಮೆ.

ಅಮೆರಿಕದ ಕೊಲರಾಡೊ ರಾಜ್ಯದ ಬೋಲ್ಡರ್ ನಗರದಲ್ಲಿರುವ ಜಿಲಾ ಸಂಸ್ಥೆಯಲ್ಲಿ ಆ್ಯಡಮ್ ಕೌಫ್‌ಮನ್ ಅವರ ತಂಡವು 2024ರಲ್ಲಿ ಒಂಬತ್ತು ಸ್ಟ್ರಾನ್ಷಿಯಂ ಪರಮಾಣುಗಳವರೆಗೆ ಹೀಗೆ ಹೆಣೆದು ತೋರಿಸಿತು. ನಾಲ್ಕರವರೆಗಿನ ಗುಂಪುಗಳು ಪ್ರಮಾಣಕ ಮಿತಿಯನ್ನು ಮೀರಿದವು. ಆದರೆ ಈ ಗೆಲುವು ಕಿರು ಅವಧಿಯ ಪರೀಕ್ಷೆಗಳಿಗಷ್ಟೇ ಸೀಮಿತ. ಗಂಟೆಯ ಮುಳ್ಳಿಲ್ಲದೆ ನಿಮಿಷದ ಮುಳ್ಳು ಮಾತ್ರ ಇರುವ ಗಡಿಯಾರದಂತೆ, ಬೇಗ ಸುತ್ತುವ ದೊಡ್ಡ ಗುಂಪು ಎಷ್ಟು ಸುತ್ತು ಮುಗಿಸಿತೆಂಬುದನ್ನು ಹೇಳಲಾರದು. ಅವಧಿ ಹೆಚ್ಚಿದಷ್ಟೂ ಲೇಸರಿನ ಅಲುಗಾಟದಿಂದ ಈ ಗೊಂದಲ ಬೆಳೆಯುತ್ತದೆ. ಪರಿಹಾರವಾಗಿ ಅದೇ ತಂಡ ಬೇರೆ ಬೇರೆ ಗಾತ್ರದ ಗುಂಪುಗಳನ್ನು ಒಟ್ಟಿಗೇ ಸಿದ್ಧಪಡಿಸಿದೆ: ಸಣ್ಣವು ಸುತ್ತನ್ನು ಗುರುತಿಸಿದರೆ, ದೊಡ್ಡವು ಸೂಕ್ಷ್ಮವನ್ನು ತಿಳಿಸುತ್ತವೆ.

ಹೆಣಿಗೆಯ ಗಡಿಯಾರ ಇನ್ನೂ ಪ್ರಯೋಗದ ಹಂತದಲ್ಲೇ ಇದೆ. ಅದೇ ವರ್ಷ ಅದೇ ಜಿಲಾದಲ್ಲಿ ಜುನ್ ಯೆ ಅವರ ತಂಡ 10ರ ಮುಂದೆ 17 ಸೊನ್ನೆಗಳಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಅನಿಶ್ಚಿತತೆಯನ್ನು ಸಾಧಿಸಿದ್ದು ಹೆಣೆಯದ ಸ್ಟ್ರಾನ್ಷಿಯಂ ಪರಮಾಣುಗಳಿಂದಲೇ.