ಖಾನಾವಳಿಯ ಒಲೆಗೂ ಒಂದು ಕಿರ್ದಿ

ಗದಗ-ಬೆಟಗೇರಿಯ ಖಾನಾವಳಿಯಲ್ಲಿ ಬಿಸಿ ರೊಟ್ಟಿ, ಮಡಿಕೆಕಾಳಿನ ಪಲ್ಯ, ಶೇಂಗಾ ಚಟ್ನಿಗಳ ಊಟವನ್ನು ತೃಪ್ತಿಯಿಂದ ಮುಗಿಸಿ ಏಳುವವರಿಗೆ, ಅದು ಸಿದ್ಧವಾಗುವಷ್ಟರಲ್ಲಿ ಎಷ್ಟು ಹಸಿರುಮನೆ ಅನಿಲ ವಾಯುಮಂಡಲವನ್ನು ಸೇರಿತೆಂಬ ಪ್ರಶ್ನೆ ಹೊಳೆಯುವುದು ಅಪರೂಪ. ಆದರೆ ಮುಂಗಾರು ಹಿಂಗಾರುಗಳನ್ನೇ ನೆಚ್ಚಿದ ಎರೆಹೊಲಗಳ ಈ ನಾಗಾವಿ ಸೀಮೆಯವರು, ಭೂತಾಪವನ್ನು ಹೆಚ್ಚಿಸಿ ಮಳೆಯ ಕ್ರಮವನ್ನು ಕೆಡಿಸುವ ಆ ಅನಿಲಗಳನ್ನು ಹೋಟೆಲು ಸಂಸ್ಥೆಗಳು ಅಳೆಯುವ ವಿಧಾನವನ್ನು ತಿಳಿದಿರುವುದು ಆವಶ್ಯಕ.

ಅಳೆಯಲು ಹೊಗೆಕೊಳವೆಗೆ ಯಂತ್ರ ಜೋಡಿಸಬೇಕಾಗಿಲ್ಲ. ಇಂಧನ, ವಿದ್ಯುತ್ತು, ಸಾಮಗ್ರಿಗಳ ಬಿಲ್ಲುಗಳೇ ಆಧಾರ. ೨೦೦೧ರಲ್ಲಿ ಪ್ರಕಟವಾದ ಗ್ರೀನ್‌ಹೌಸ್ ಗ್ಯಾಸ್ ಪ್ರೋಟೊಕಾಲ್ ಎಂಬ ಅಂತರರಾಷ್ಟ್ರೀಯ ನಿಯಮಾವಳಿಯು ಈ ಲೆಕ್ಕವನ್ನು ಮೂರು ಭಾಗವಾಗಿ ವಿಂಗಡಿಸಿದೆ: ಸಂಸ್ಥೆಯ ಒಲೆ, ವಾಹನ, ಫ್ರಿಜ್ಜುಗಳಿಂದ ನೇರವಾಗಿ ಹೊರಡುವುದು ಮೊದಲನೆಯದು; ಕೊಂಡ ವಿದ್ಯುತ್ತಿನ ಉತ್ಪಾದನೆಯಲ್ಲಿ ಹೊರಟದ್ದು ಎರಡನೆಯದು; ಹೊಲದಿಂದ ಮೊದಲ್ಗೊಂಡು ತಿಪ್ಪೆಯವರೆಗೆ ಅನ್ಯರ ಕೈಯಲ್ಲಿ ನಡೆದ ವ್ಯವಹಾರದಿಂದ ಹುಟ್ಟಿದ್ದು ಮೂರನೆಯದು. ಬಂಡವಾಳ ಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ನಿಯಮದಂತೆ ೨೦೨೨-೨೩ರಿಂದ ಷೇರುಪೇಟೆಯ ಅಗ್ರ ೧,೦೦೦ ಕಂಪನಿಗಳು, ಪಿಜ್ಜಾ ಮಾರುವ ಜುಬಿಲಂಟ್ ಫುಡ್‌ವರ್ಕ್ಸ್‌ನಂಥವೂ ಸೇರಿ, ಮೊದಲೆರಡು ಭಾಗಗಳ ಲೆಕ್ಕವನ್ನು ಒಪ್ಪಿಸತಕ್ಕದ್ದು.

ಒಂದು ಕಿಲೋ ಅಡುಗೆ ಅನಿಲ ಉರಿದರೆ ಸುಮಾರು ೩ ಕಿಲೋ ಇಂಗಾಲದ ಡೈಆಕ್ಸೈಡ್ ಹೊರಡುವುದರಿಂದ, ೧೯ ಕಿಲೋ ತೂಕದ ವಾಣಿಜ್ಯ ಸಿಲಿಂಡರಿನದು ೫೭ ಕಿಲೋ. ತಿಂಗಳಿಗೆ ಅಂಥ ೨೦ನ್ನು ಉರಿಸುವ ಖಾನಾವಳಿಯದು ಒಂದು ಟನ್ನಿಗೂ ಮಿಗಿಲು. ವಿದ್ಯುತ್ತಿನ ಪ್ರತಿ ಯೂನಿಟ್ಟಿಗೆ ಸುಮಾರು ೦.೭ ಕಿಲೋ ಕೂಡಿಸಬೇಕು. ಕಪ್ಪತಗುಡ್ಡದ ಗಾಳಿಯಂತ್ರಗಳು ತಿರುಗುವುದು ಕಣ್ಣಿಗೆ ಕಂಡರೂ, ಅವುಗಳ ವಿದ್ಯುತ್ತು ಕಲ್ಲಿದ್ದಲೇ ಪ್ರಧಾನವಾದ ರಾಷ್ಟ್ರೀಯ ಜಾಲದಲ್ಲಿ ಬೆರೆತುಹೋಗುವುದರಿಂದ, ಗದುಗಿನ ಅಡುಗೆಮನೆಯೂ ಜಾಲದ ಸರಾಸರಿಯನ್ನೇ ಹಿಡಿಯಬೇಕಾಗುತ್ತದೆ. ಫ್ರಿಜ್ಜಿನಿಂದ ಸೋರುವ ಆರ್-೧೩೪ಎಯಂಥ ಅನಿಲದ ತಾಪಶಕ್ತಿಯಂತೂ ಇಂಗಾಲದ ಡೈಆಕ್ಸೈಡಿನ ಸಾವಿರ ಪಟ್ಟಿಗೂ ಅಧಿಕ.

ಆದರೂ ಹೋಟೆಲುಗಳ ಲೆಕ್ಕದ ಬಹುಪಾಲು ಸಾಮಾನ್ಯವಾಗಿ ಮೂರನೆಯ ಭಾಗದಲ್ಲಿ, ಅಂದರೆ ಅಡುಗೆಯ ಸಾಮಗ್ರಿಯಲ್ಲಿ, ಅಡಗಿರುತ್ತದೆ. ನೀರು ನಿಂತ ಬತ್ತದ ಗದ್ದೆಯಿಂದಲೂ ದನಗಳ ಜೀರ್ಣಕ್ರಿಯೆಯಿಂದಲೂ ಮೀಥೇನ್ ಹೊರಡುವುದು. ನೂರು ವರ್ಷಗಳ ಅವಧಿಯಲ್ಲಿ ಅದರ ತಾಪಶಕ್ತಿ ಇಂಗಾಲದ ಡೈಆಕ್ಸೈಡಿನ ಸುಮಾರು ೨೮ ಪಟ್ಟು. ಮಳೆಯಾಶ್ರಯದಲ್ಲಿ, ನೀರು ನಿಲ್ಲದ ಹೊಲದಲ್ಲಿ ಬೆಳೆಯುವ ಜೋಳಕ್ಕೂ, ಗಾಳಿಯ ಸಾರಜನಕವನ್ನು ಬೇರಿನಲ್ಲಿ ಹಿಡಿದು ಗೊಬ್ಬರದ ಹಂಗನ್ನು ತಗ್ಗಿಸುವ ಕಡಲೆ, ಹೆಸರು, ಮಡಿಕೆಗಳಿಗೂ ಹಸಿರುಮನೆ ಅನಿಲದ ದೋಷ ಅಲ್ಪ. ಆದುದರಿಂದ ರೊಟ್ಟಿ ಮತ್ತು ಕಾಳುಪಲ್ಯಗಳನ್ನು ಬಿಟ್ಟು ಅನ್ನ, ಪನೀರು, ಮಾಂಸಗಳ ಕಡೆಗೆ ಊಟವು ವಾಲಿದಷ್ಟೂ ಲೆಕ್ಕ ಏರುವುದು.

ತಗ್ಗಿಸುವ ಮಾರ್ಗವೂ ಅಳತೆಯಿಂದಲೇ ಗೋಚರಿಸುವುದು: ಕಾಳನ್ನು ನೆನೆಯಿಟ್ಟು ಕುಕ್ಕರಿನಲ್ಲಿ ಬೇಯಿಸುವುದು, ಬರ್ನರನ್ನು ಶುಚಿಯಾಗಿಡುವುದು, ಮಾಳಿಗೆಯ ಮೇಲೆ ಸೌರಫಲಕ ಹಾಕಿಸುವುದು, ಫ್ರಿಜ್ಜಿನ ಸೋರಿಕೆ ನಿಲ್ಲಿಸುವುದು, ದಿನದ ಕೊನೆಗೆ ಉಳಿದದ್ದನ್ನು ತೂಗಿ ಮರುದಿನದ ಅಡುಗೆಯನ್ನು ನಿರ್ಧರಿಸುವುದು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ವರದಿಯಂತೆ ೨೦೨೨ರಲ್ಲಿ ಜಗತ್ತಿನಲ್ಲಿ ಪೋಲಾದ ಆಹಾರ ೧೦೫ ಕೋಟಿ ಟನ್ನು. ಅದರಲ್ಲಿ ಶೇಕಡಾ ೨೮ರಷ್ಟು ಹೋಟೆಲು ಮುಂತಾದ ಊಟದ ಉದ್ದಿಮೆಗಳ ಪಾಲು. ತಿಪ್ಪೆಯಲ್ಲಿ ಕೊಳೆತು ಮೀಥೇನನ್ನು ಹೊರಗೆಡಹುವ ಅದೇ ಎಂಜಲು ಜೈವಿಕ ಅನಿಲದ ಸ್ಥಾವರವನ್ನು ಸೇರಿದರೆ ಒಲೆಗೆ ಇಂಧನವಾಗುವುದು.

ಒಂದೇ ಖಾನಾವಳಿಗೆ ಅಂಥ ಸ್ಥಾವರ ಭಾರವಾದೀತು. ಆದರೆ ೧೯೦೫ರಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ದೇಶಕ್ಕೆ ಮೊದಲ ಕೃಷಿ ಸಹಕಾರ ಸಂಘವನ್ನು ಕೊಟ್ಟ ಕಣಗಿನಹಾಳದ ನೆರೆಯವರಿಗೆ ಕೂಡಿ ದುಡಿಯುವ ವಿದ್ಯೆಯನ್ನು ಕಲಿಸಬೇಕಾಗಿಲ್ಲ. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವು ನಾಗಾವಿಯಲ್ಲಿಯೇ ಇದೆ. ಅಲ್ಲಿನ ವಿದ್ಯಾರ್ಥಿಗಳು ನಾಲ್ಕಾರು ಖಾನಾವಳಿಗಳ ಲೆಕ್ಕವನ್ನು ಬರೆದು ತೋರಿಸಲಿ, ಮಾಲಕರು ಸಿಲಿಂಡರು, ಯೂನಿಟ್ಟು, ಎಂಜಲು ಈ ಮೂರನ್ನು ಕಿರ್ದಿಯಲ್ಲಿ ಬರೆದಿಡಲಿ. ಉಣ್ಣುವವರಾದ ನಾವು ಬೇಕಾದಷ್ಟನ್ನೇ ಬಡಿಸಿಕೊಂಡು, ತಾಟನ್ನು ಬರಿದುಮಾಡಿ ಏಳೋಣ.