ಕ್ಲಿಪ್ಪರ್‌ಗೆ ಬಾಚಣಿಗೆ ಸಿಕ್ಕಿಸಿದರೆ ನಾಯಿಗೆ ಗಾಯವೇ ಆಗುವುದಿಲ್ಲವೇ?

ಬೇಸಿಗೆ ಬಂತೆಂದರೆ ಇಂಥ ಸಲಹೆಗಳು ಫೋನಿನಿಂದ ಫೋನಿಗೆ ಹೋಗುತ್ತವೆ: ‘ಕ್ಲಿಪ್ಪರ್‌ಗೆ ಬಾಚಣಿಗೆ ಸಿಕ್ಕಿಸಿ, ನಾಯಿಯ ಕೂದಲು ಮನೆಯಲ್ಲೇ ತೆಗೆಯಿರಿ. ಗಾಯದ ಭಯವಿಲ್ಲ, ನಾಯಿಗೂ ತಂಪು.’ ಇದು ನಿಜವೇ?

ಅರ್ಧ ಮಾತ್ರ ನಿಜ. ಬಾಚಣಿಗೆ ಬ್ಲೇಡನ್ನು ಚರ್ಮದಿಂದ ದೂರ ಇಡುತ್ತದೆ, ಎಷ್ಟು ಉದ್ದದ ಕೂದಲು ಉಳಿಯಬೇಕೆಂದು ನಿರ್ಧರಿಸುತ್ತದೆ. ಆದರೆ ಸ್ನಾನ ಮಾಡಿಸಿ, ಪೂರ್ತಿ ಒಣಗಿಸಿ, ಸಿಕ್ಕು ಬಿಡಿಸಿದ ಕೂದಲಿನಲ್ಲಷ್ಟೇ ಅದು ಸರಿಯಾಗಿ ಸಾಗುತ್ತದೆ. ಗಂಟಿದ್ದರೆ ಹಲ್ಲುಗಳು ಸಿಕ್ಕಿಕೊಂಡು ಚರ್ಮವನ್ನು ಎಳೆಯುತ್ತವೆ. ಆಗ ಬಾಚಣಿಗೆ ಕಳಚಿದರೆ ಬ್ಲೇಡ್ ನೇರ ಚರ್ಮಕ್ಕೆ ತಾಗುತ್ತದೆ. ಬಾಚಣಿಗೆಯಡಿ ಸಾಮಾನ್ಯವಾಗಿ ಹಾಕುವ 30ನೇ ನಂಬರ್ ಬ್ಲೇಡ್ ಉಳಿಸುವುದು ಸುಮಾರು 0.5 ಮಿ.ಮೀ. ಕೂದಲನ್ನಷ್ಟೇ!

ಇನ್ನು ತಂಪಿನ ಮಾತು. ನಾಯಿ ನಮ್ಮಂತೆ ಮೈತುಂಬ ಬೆವರುವುದಿಲ್ಲ. ಮುಖ್ಯವಾಗಿ ನಾಲಿಗೆ ಚಾಚಿ ತೇಕುತ್ತಾ ಶಾಖ ಕಳೆದುಕೊಳ್ಳುತ್ತದೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಪೊಮೆರೇನಿಯನ್‌ಗಳಿಗೆ ಎರಡು ಪದರದ ಕೂದಲಿದೆ. ಅದು ಬಿಸಿಲನ್ನು ತಡೆಯುತ್ತದೆ. ಬೋಳಿಸಿದರೆ ಚರ್ಮ ಸುಡಬಹುದು, ಕೆಲವು ನಾಯಿಗಳಲ್ಲಿ ಕೂದಲು ಮೊದಲಿನಂತೆ ಬೆಳೆಯದಿರಬಹುದು. ಇವಕ್ಕೆ ಬ್ರಷ್ ಸಾಕು. ಕೂದಲು ಬೆಳೆಯುತ್ತಲೇ ಇರುವ ಪೂಡಲ್, ಶಿಟ್ಜುಗಳಿಗೆ ಮಾತ್ರ ಕತ್ತರಿಸುವುದು ಅಗತ್ಯ.

ನೀವೇ ಮಾಡುವುದಾದರೆ:

• ಉದ್ದದ ಬಾಚಣಿಗೆಯಿಂದಲೇ ಶುರುಮಾಡಿ. ಹೆಚ್ಚು ಉಳಿದರೆ ಮತ್ತೆ ಕತ್ತರಿಸಬಹುದು.
• ಕೂದಲು ಬೆಳೆದ ದಿಕ್ಕಿನಲ್ಲೇ ನಿಧಾನವಾಗಿ ಸಾಗಿ.
• ಆಗಾಗ ಬ್ಲೇಡನ್ನು ನಿಮ್ಮ ಮಣಿಕಟ್ಟಿಗೆ ಮುಟ್ಟಿಸಿ ನೋಡಿ, ಬಿಸಿಯಾಗಿದ್ದರೆ ನಿಲ್ಲಿಸಿ.
• ಬಿಗಿಯಾದ ಗಂಟನ್ನು ಕತ್ತರಿಯಿಂದ ಕತ್ತರಿಸಬೇಡಿ. ಗಂಟಿನೊಳಗೆ ಚರ್ಮವೂ ಸೇರಿರಬಹುದು. ಪಶುವೈದ್ಯರಿಗೆ ತೋರಿಸಿ.

ಅಂಥ ಸಂದೇಶ ನಿಮಗೂ ಬಂದರೆ, ಮುಂದೆ ಕಳಿಸುವ ಮುನ್ನ ಉಳಿದರ್ಧವನ್ನೂ ಸೇರಿಸಿ ಎನ್ನುವುದಷ್ಟೇ ನಮ್ಮ ಕೋರಿಕೆ.